ಮರದ ನೆಲಕ್ಕೆ ಬಕೆಟ್ ನೀರು ಬೇಡ
ಟೈಲ್ಸ್‌ಗೆ ಒಗ್ಗಿದ ಕೈ ಪಾರ್ಕೆಟ್ ನೆಲಕ್ಕೂ ಧಾರಾಳವಾಗಿ ನೀರು ಹಾಕಿ ಒರೆಸುತ್ತದೆ. ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಜೋಡಿಸಿದ ಈ ನೆಲದ ಸಂದಿಗೆ ನೀರಿಳಿದರೆ ಪಟ್ಟಿಗಳು ಉಬ್ಬಿ ಮೇಲೇಳುತ್ತವೆ. ಅಡಿಯಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಅಸ್ತಮಾ ಇರುವವರಿಗೆ ಅದರಿಂದ ಉಬ್ಬಸ ಹೆಚ್ಚಬಹುದು.

ದಿನವೂ ಮೃದುವಾದ ಪೊರಕೆಯಿಂದ ಗುಡಿಸಿ. ಪಾಲಿಶ್‌ಗೆ ಗೀರು ಬೀಳುವುದು ಹೆಚ್ಚಾಗಿ ಚಪ್ಪಲಿಗೆ ಅಂಟಿ ಬರುವ ಮರಳಿನಿಂದ. ವಾರಕ್ಕೊಮ್ಮೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಸಾಕು. ಬ್ಲೀಚಿಂಗ್ ಪೌಡರ್, ವಿನೆಗರ್ ಹೊಳಪು ಕೆಡಿಸುತ್ತವೆ. ವುಝೂ ಮಾಡಿ ಒದ್ದೆ ಕಾಲಲ್ಲಿ ಬರುವ ಜಾಗಕ್ಕೆ ಕಾಲೊರಸು ಬೇಕೇ ಬೇಕು. ಆದರೆ ಒದ್ದೆಯಾದ ಕಾಲೊರಸನ್ನು ಅಲ್ಲೇ ಬಿಡಬೇಡಿ, ಕೆಳಗೆ ಕಪ್ಪು ಕಲೆಯಾಗುತ್ತದೆ.

ಬೇಸಿಗೆಯಲ್ಲಿ ಸಣ್ಣ ಸಂದು ಕಂಡರೆ ಗಾಬರಿಯಾಗಿ ಏನನ್ನೂ ತುಂಬಿಸಬೇಡಿ. ಮಳೆಗಾಲದ ತೇವಕ್ಕೆ ಮರ ಹಿಗ್ಗಿ ಅದು ಸಾಮಾನ್ಯವಾಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.