ಬಿಳೇಕಹಳ್ಳಿ: ಕಾಲುವೆಗೂ ಕಾಲುದಾರಿಗೂ ಒಂದೇ ಜಾಗ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಆಸ್ಪತ್ರೆ ದಾಟಿ ದಕ್ಷಿಣಕ್ಕೆ ಹೊರಟರೆ ಎಡಕ್ಕೆ ಸಿಗುವುದು ಬಿಳೇಕಹಳ್ಳಿ. ತಲೆಯ ಮೇಲೆ ಮೆಟ್ರೊ ಗುಲಾಬಿ ಮಾರ್ಗದ ಸೇತುವೆ, ಕೆಳಗೆ ಹಾರ್ನಿನ ಗದ್ದಲ. ಅಡ್ಡರಸ್ತೆಗೆ ತಿರುಗಿದ ಮೇಲೆಯೇ ಊರು ಕಣ್ಣಿಗೆ ಬೀಳುವುದು: ಹೊಂಗೆಮರದಡಿ ಎಳನೀರು ಗಾಡಿ, ಸಾಲುಸಾಲು ಪಿ.ಜಿ. ಫಲಕಗಳು, ಹಸಿರು ಪರದೆ ಹೊದ್ದು ಮೇಲೇಳುತ್ತಿರುವ ಕಟ್ಟಡಗಳು.

ಈ ಸುತ್ತಿನಲ್ಲಿ ಹೊಸ ಅಪಾರ್ಟ್‌ಮೆಂಟಿನ ಬೋರ್ಡ್ ಎದ್ದರೆ ಹಳಬರು ದರ ಕೇಳುವುದಿಲ್ಲ. ಪಾಯದ ಗುಂಡಿಯಿಂದ ಎತ್ತಿದ ನೀರನ್ನು ಎಲ್ಲಿಗೆ ಬಿಡುತ್ತಾರೆ ಎನ್ನುತ್ತಾರೆ. ಕಾಲುವೆ ಪಕ್ಕದಲ್ಲಿ ಬೆಳಗಿನ ವಾಕಿಂಗಿಗೆ ಉಳಿದಿರುವ ಮಣ್ಣಿನ ಹಾದಿ ಕಾಂಪೌಂಡಿನ ಒಳಗೆ ಸೇರಿಹೋಗುತ್ತದೆಯೇ ಎನ್ನುತ್ತಾರೆ.

ಊರಿನ ಚರಿತ್ರೆ ಚಿಕ್ಕದಾಗಿ ಹೇಳುವುದಾದರೆ, ಬೊಮ್ಮನಹಳ್ಳಿ ನಗರಸಭೆಯೊಂದಿಗೆ 2007ರಲ್ಲಿ ಮಹಾನಗರಕ್ಕೆ ಸೇರಿತು. ಪಕ್ಕದಲ್ಲೇ 1973ರಲ್ಲಿ ಆರಂಭವಾದ ಐಐಎಂ. ಅದರ ಕಲ್ಲುಗೋಡೆಯ ಕ್ಯಾಂಪಸ್ ಬಿ.ವಿ. ದೋಶಿಯವರ ವಿನ್ಯಾಸ. ಹತ್ತಿರದಲ್ಲೇ ವಿಜಯಾ ಬ್ಯಾಂಕ್ ಲೇಔಟ್. ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಬಡಾವಣೆಯ ಹೆಸರನ್ನು ಮಾತ್ರ ಯಾರೂ ಮುಟ್ಟಿಲ್ಲ.

ಮಳೆಗಾಲದಲ್ಲಿ ಇಲ್ಲಿನ ನಿಜವಾದ ಎಂಜಿನಿಯರುಗಳು ಅಪಾರ್ಟ್‌ಮೆಂಟುಗಳ ಕಾವಲುಗಾರರು. ಯಾವ ಮ್ಯಾನ್‌ಹೋಲ್ ಮೊದಲು ಉಕ್ಕುತ್ತದೆ, ಗೇಟಿಗೆ ಮರಳುಚೀಲ ಯಾವಾಗ ಅಡ್ಡ ಇಡಬೇಕು, ಸ್ಕೂಟರುಗಳನ್ನು ಬೇಸ್‌ಮೆಂಟಿನಿಂದ ಎಷ್ಟು ಹೊತ್ತಿಗೆ ಮೇಲಕ್ಕೆ ತಳ್ಳಬೇಕು, ಎಲ್ಲ ಲೆಕ್ಕವೂ ಅವರ ಬಳಿ ಇದೆ. ಕೇಳಿದರೆ ಮಾತು ನಿಲ್ಲುವುದಿಲ್ಲ. ಅವರ ಮಾತಿನ ಸಾರ ಇಷ್ಟು: ಗೇಟಿನಿಂದ ನುಗ್ಗುವ ನೀರನ್ನು ಹೇಗಾದರೂ ತಡೆಯಬಹುದು, ಕಾಲುವೆ ತುಂಬಿದಾಗ ಚರಂಡಿ ಪೈಪಿನಲ್ಲೇ ಹಿಂದಕ್ಕೆ ಬರುವ ನೀರಿಗೆ ಮದ್ದಿಲ್ಲ. ಆಗ ಪಂಪು ಹಚ್ಚಿದರೂ ಎತ್ತಿದ ನೀರು ಸೇರುವುದು ಅದೇ ತುಂಬಿದ ಕಾಲುವೆಗೆ. ಪಂಪಿನ ಕೆಲಸ ಅಪಾಯದ್ದೂ ಹೌದು. 2025ರ ಮೇ 19ರಂದು ಪಕ್ಕದ ಎನ್.ಎಸ್. ಪಾಳ್ಯದಲ್ಲಿ ಬೇಸ್‌ಮೆಂಟಿನ ಮಳೆನೀರು ಹೊರಹಾಕುವ ವೇಳೆ ವಿದ್ಯುತ್ ತಗುಲಿ 63 ವರ್ಷದ ನಿವಾಸಿಯೊಬ್ಬರೂ 12 ವರ್ಷದ ಹುಡುಗನೊಬ್ಬನೂ ಸತ್ತರು.

ನೆಲ ಇಲ್ಲಿ ಮಡಿವಾಳ ಕೆರೆಯ ಕಡೆಗೆ ಇಳಿಯುತ್ತದೆ. ಅಲ್ಲಿಂದ ನೀರು ಅಗರ, ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹೋಗಬೇಕು. ಹೋಗುವ ದಾರಿಯೇ ಸವೆದಿದೆ. ಈ ನೀರು ಹರಿಯುವ ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ 113 ಕಿ.ಮೀ. ಕಾಲುವೆ ಇತ್ತು, 2016-17ರ ಹೊತ್ತಿಗೆ 63 ಕಿ.ಮೀ. ಆಸುಪಾಸಿಗೆ ಬಂತು ಎಂದು ಸಿಎಜಿ 2021ರಲ್ಲಿ ವರದಿ ಕೊಟ್ಟಿತು. 2016ರ ಜುಲೈ ಕೊನೆಯಲ್ಲಿ ನೆರೆಯ ಕೋಡಿಚಿಕ್ಕನಹಳ್ಳಿಯ ಬೀದಿಗಳಲ್ಲಿ ಅಗ್ನಿಶಾಮಕ ದಳದವರು ದೋಣಿ ಇಳಿಸಿದರು, ಜನ ರಸ್ತೆಯಲ್ಲೇ ಮೀನು ಹಿಡಿದರು. ಮರುತಿಂಗಳು ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಜೆಸಿಬಿ ಬಂತು. ನಕ್ಷೆ ಮಂಜೂರಾಗಿ, ಸಾಲ ಮಾಡಿ, ತೆರಿಗೆ ಕಟ್ಟಿಕೊಂಡು ಬಂದವರ ಮನೆಗಳೂ ಉರುಳಿದವು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದಾಗ ನೂರಾರು ಮನೆಗಳಿಗೆ ನೀರು ನುಗ್ಗಿತು.

ಕಾಲುವೆಯಿಂದ ಎಷ್ಟು ದೂರ ಕಟ್ಟಬೇಕು ಎಂಬ ಜಗಳ ದಿಲ್ಲಿಯವರೆಗೂ ಹೋಗಿದೆ. ಇದೇ ನೀರು ಮುಂದೆ ಹಾಯುವ ಅಗರ-ಬೆಳ್ಳಂದೂರು ಕೆರೆಗಳ ನಡುವೆ ಎದ್ದ ಮಂತ್ರಿ ಟೆಕ್‌ಜೋನ್ ಯೋಜನೆಯ ವಿರುದ್ಧ ಫಾರ್ವರ್ಡ್ ಫೌಂಡೇಷನ್ ಎಂಬ ಸಂಸ್ಥೆ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಮೇ ತಿಂಗಳಲ್ಲಿ ಮಂಡಳಿ ಕೆರೆಗೆ 75 ಮೀಟರ್ ಮೀಸಲು ಅಂಚು ವಿಧಿಸಿ, ದೊಡ್ಡ, ಮಧ್ಯಮ, ಸಣ್ಣ ಕಾಲುವೆಗಳಿಗೆ ಅಂಚಿನಿಂದಲೇ ಕ್ರಮವಾಗಿ 50, 35, 25 ಮೀಟರ್ ಬಿಡಬೇಕು ಎಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ ನಗರ ಯೋಜನೆಯ ಹಳೆಯ ಅಳತೆಗೆ ಮರಳಿಸಿತು: ಕೆರೆಗೆ 30 ಮೀಟರ್, ಕಾಲುವೆಗಳಿಗೆ ಅವುಗಳ ಮಧ್ಯದಿಂದ ಅಳೆದು 50, 25, 15. ಕಾನೂನಿನ ತರ್ಕ ಏನೇ ಇರಲಿ, ತಗ್ಗಿನ ಮನೆಯವರಿಗೆ ಆದದ್ದು ನಷ್ಟ.

ನಡೆಯುವವರ ದೂರೂ ಇದೇ ಅಂಚಿಗೆ ಸೇರಿದ್ದು. ಬನ್ನೇರುಘಟ್ಟ ರಸ್ತೆಯ ಫುಟ್‌ಪಾತ್ ಮೆಟ್ರೊ ಕಾಮಗಾರಿಯ ಪಾಲಾಗಿ ವರ್ಷಗಳೇ ಆದವು. ಮಡಿವಾಳ ಕೆರೆಯ ನಡಿಗೆದಾರಿ ಚೆನ್ನಾಗಿದೆ, ಅಲ್ಲಿಗೆ ಹೋಗುವುದಕ್ಕೇ ಸ್ಕೂಟರು ತೆಗೆಯಬೇಕು. ಕಾಲುವೆಯ ಮಗ್ಗುಲಿನ ಖಾಲಿ ಪಟ್ಟಿಯೊಂದೇ ಮುದುಕರಿಗೂ ನಾಯಿಗಳಿಗೂ ಗತಿ. 2025ರಲ್ಲಿ ಸರ್ಕಾರ ನಗರದ ರಾಜಕಾಲುವೆಗಳ ಪಕ್ಕ ಸುಮಾರು 300 ಕಿ.ಮೀ. ರಸ್ತೆ ಮಾಡುವ ಯೋಚನೆ ಮುಂದಿಟ್ಟಿತು. ಅದು ಕಾರಿನ ರಸ್ತೆ. ಹುಲ್ಲುನೆಲ ಡಾಂಬರಾದರೆ ನೀರು ಇಂಗುವುದು ಇನ್ನೂ ಕಡಿಮೆ. ನಡೆಯುವವರು ಮತ್ತೆ ಮೂಲೆಗೆ. ಕೆ.ಆರ್. ಮಾರುಕಟ್ಟೆ ಕಡೆಯಿಂದ ಬೆಳ್ಳಂದೂರಿನತ್ತ ಹೋಗುವ ಕಾಲುವೆಗೆ ಕೆ-100 ಯೋಜನೆಯಲ್ಲಿ ನಡಿಗೆದಾರಿ ಮಾಡಿಕೊಟ್ಟ ಇದೇ ನಗರಕ್ಕೆ ಬಿಳೇಕಹಳ್ಳಿಯಲ್ಲಿ ಅದೇ ಬುದ್ಧಿ ಯಾಕೆ ಬರಬಾರದು?

ಈ ಭಾಗದಲ್ಲಿ ಫ್ಲ್ಯಾಟ್ ನೋಡುತ್ತಿರುವವರು ಮುಂಗಡ ಕೊಡುವ ಮುನ್ನ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರು, ಗ್ರಾಮ ನಕ್ಷೆ ತೆರೆದು ಕಾಲುವೆ ಎಲ್ಲಿದೆ ನೋಡಿಕೊಳ್ಳಿ. ಆಮೇಲೆ ಜೋರು ಮಳೆಯ ಮರುದಿನ ಪಕ್ಕದ ಕಟ್ಟಡದ ಕಾವಲುಗಾರರನ್ನು ಒಮ್ಮೆ ಮಾತಾಡಿಸಿ.