ಕೆಳಗೆ ಐಸು, ಮೇಲೆ ಬಿಸಿ: ಫ್ರಿಜ್ ಕೊಳ್ಳುವ ಮುನ್ನ, ಕೆಟ್ಟ ಮೇಲೆ



ಬಿತ್ತನೆ, ಗೊಬ್ಬರ, ಕೀಟಬಾಧೆಗಳ ವಿಷಯವನ್ನೇ ಓದಿ ರೂಢಿಯಾದ ಈ ಪುಟದಲ್ಲಿ ಫ್ರಿಜ್ಜಿನ ಮಾತು ಬಂದದ್ದು ನಿಮಗೆ ವಿಚಿತ್ರವೆನಿಸಬಹುದು. ಆದರೆ ನಾನು ಹಳ್ಳಿಗಳಿಗೆ ಹೋದಾಗ, ಮೆಕ್ಕೆಜೋಳದ ಸೈನಿಕ ಹುಳುವಿಗೆ ಔಷಧ ಕೇಳಿದವರೇ ಕೊನೆಗೆ ಪಕ್ಕಕ್ಕೆ ಕರೆದು, "ಸಾರ್, ಮನೆಗೆ ಒಂದು ಫ್ರಿಜ್ ತರೋಣ ಅಂತಿದ್ದೀವಿ, ಯಾವುದು ಒಳ್ಳೇದು?" ಎಂದು ಕೇಳುತ್ತಾರೆ. ಹಿರಿಯರು ತಮಾಷೆಗೆ "ತಂಗಳ ಪೆಟ್ಟಿಗೆ" ಎಂದು ಕರೆದ ಈ ವಸ್ತು ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ರಾಗಿ ಮಾರಿದ ಹಣವನ್ನೋ, ಡೇರಿಯ ಬಟವಾಡೆ ಕೂಡಿಟ್ಟ ಹಣವನ್ನೋ ಒಮ್ಮೆಗೇ ಕೊಟ್ಟು ತರುವ ವಸ್ತುವಿದು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಫ್ರಿಜ್ಜನ್ನು ಮಾತ್ರ ಬಣ್ಣ ನೋಡಿ ಕೊಳ್ಳುತ್ತೇವೆ.

ನಾನೂ ಹಾಗೆಯೇ ಕೊಂಡವನು. ಅದರಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಮನೆಯ ಸಂಗತಿ

ನಮ್ಮ ತಾಯಿಯವರಿಗೆ ಮಂಡಿನೋವು. ಜೊತೆಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ತರಕಾರಿ, ಮೊಸರು, ಔಷಧ ಎಲ್ಲವೂ ಬಗ್ಗದೆ ಕೈಗೆ ಸಿಗಲಿ ಎಂದು, ಫ್ರೀಜರ್ ಕೆಳಗಿದ್ದು ಉಳಿದ ಭಾಗ ಮೇಲಿರುವ ಮಾದರಿಯ ಫ್ರಿಜ್ ತಂದೆವು. ಎರಡು ವರ್ಷ ಚೆನ್ನಾಗಿ ನಡೆಯಿತು. ಒಂದು ಏಪ್ರಿಲ್ ಬೆಳಿಗ್ಗೆ ನೋಡಿದರೆ ಮೇಲಿಟ್ಟ ಹಾಲು ಒಡೆದಿತ್ತು, ಇನ್ಸುಲಿನ್ ಸೀಸೆ ಬೆಚ್ಚಗಾಗಿತ್ತು. ಪೇಟೆಯಿಂದ ಬಂದ ಮೆಕ್ಯಾನಿಕ್ ಬಾಗಿಲು ತೆಗೆದು ನೋಡಿ, "ಗ್ಯಾಸ್ ಹೋಗಿದೆ ಸಾರ್, ತುಂಬಿಸಬೇಕು, ಮೂರೂವರೆ ಸಾವಿರ ಆಗುತ್ತೆ" ಎಂದ. ನಾನು ಹಣ ಎಣಿಸುತ್ತಿದ್ದೆ. ಅಷ್ಟರಲ್ಲಿ ಮನೆಯಾಕೆ ಕೆಳಗಿನ ಡ್ರಾಯರ್ ಎಳೆದು, "ರೀ, ಅವರೆಕಾಳು ನೋಡಿ, ಕಲ್ಲಿನ ಹಾಗಿದೆ. ಗ್ಯಾಸೇ ಇಲ್ಲದಿದ್ದರೆ ಇದು ಹೇಗೆ ಗಟ್ಟಿಯಾಗಿರುತ್ತೆ?" ಎಂದಳು. ಮೆಕ್ಯಾನಿಕ್ಕನ ಹತ್ತಿರ ಉತ್ತರವಿರಲಿಲ್ಲ. ಬಿ.ಎಸ್ಸಿ. ಓದಿದ ನನಗೂ ಹೊಳೆಯದ ಪ್ರಶ್ನೆ ಅದು.

ಮಾರನೆಯ ದಿನ ಬಂದ ಇನ್ನೊಬ್ಬ ಮೆಕ್ಯಾನಿಕ್ ಫ್ರೀಜರಿನ ಒಳಗಿನ ಹಿಂಬದಿಯ ಹಲಗೆ ಬಿಚ್ಚಿದ. ಅಲ್ಲಿ ಗೋಡೆಯಂತೆ ಮಂಜುಗಡ್ಡೆ ಕಟ್ಟಿತ್ತು. ಅದನ್ನು ಕರಗಿಸುವ ಹೀಟರ್ ಸುಟ್ಟುಹೋಗಿತ್ತು. ಹೊಸ ಹೀಟರ್ ಹಾಕಿದ ಮೇಲೆ ಸಂಜೆಯೊಳಗೆ ಮೇಲ್ಭಾಗ ತಂಪಾಯಿತು. ಗ್ಯಾಸ್ ಮುಟ್ಟಲೇ ಇಲ್ಲ.

ಒಳಗೆ ನಡೆಯುವುದೇನು?

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ನಿಮಗೆ ಗೊತ್ತು. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಫ್ರಿಜ್ಜಿನದೂ ಇದೇ ತತ್ತ್ವ. ಫ್ರೀಜರಿನ ಹಿಂದಿರುವ ಕೊಳವೆಗಳಲ್ಲಿ ಒಂದು ದ್ರವ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಅಂದರೆ ಫ್ರಿಜ್ ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವ ಕೂಲಿಯಾಳು ಮಾತ್ರ.

ಈ ಅನಿಲ ಪಂಪ್‌ಸೆಟ್ಟಿನ ಡೀಸೆಲಿನಂತೆ ಖರ್ಚಾಗುವುದಿಲ್ಲ. ಟ್ರ್ಯಾಕ್ಟರಿನ ರೇಡಿಯೇಟರ್ ನೀರಿನಂತೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ಗ್ಯಾಸ್ ತುಂಬುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಫ್ರೀಜರ್ ಕೆಳಗಿರುವ ಮಾದರಿಯಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಕೆಳಗೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಾನಾಗಿ ಮೇಲೇರುವುದಿಲ್ಲ. ಒಳಗಿನ ಫ್ಯಾನ್ ಅದನ್ನು ಮೇಲಕ್ಕೆ ನೂಕುತ್ತದೆ. ಇದೊಂದು ಏತ ನೀರಾವರಿ ಎಂದು ತಿಳಿಯಿರಿ. ಪಂಪು ನಿಂತರೆ ಅಥವಾ ಕಾಲುವೆ ಕಟ್ಟಿಕೊಂಡರೆ, ಹೊಳೆ ತುಂಬಿ ಹರಿದರೂ ಮೇಲಿನ ಹೊಲ ಒಣಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಕೆಳಗೆ ಐಸು ಗಟ್ಟಿಯಾಗಿದ್ದು ಮೇಲೆ ಮಾತ್ರ ಬಿಸಿಯಾಗಿದ್ದರೆ, ಮೊದಲ ಅನುಮಾನ ಫ್ಯಾನು ಮತ್ತು ಗಾಳಿ ಹೋಗುವ ದಾರಿಯ ಮೇಲಿರಲಿ, ಗ್ಯಾಸಿನ ಮೇಲಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಈ ಮಾದರಿ ಎಲ್ಲರಿಗೂ ಬೇಕೆಂದಿಲ್ಲ. ಹಾಲು, ಮೊಸರು, ನಾಲ್ಕು ದಿನದ ತರಕಾರಿ ಇಷ್ಟೇ ಇಡುವ ಚಿಕ್ಕ ಸಂಸಾರಕ್ಕೆ 180-190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ ಸಾಕು. ಅದರ ಬೆಲೆ ಕಡಿಮೆ, ಒಳಗೆ ಕೆಡುವ ಭಾಗಗಳೂ ಕಡಿಮೆ. ಕಟ್ಟಿದ ಐಸನ್ನು ಆಗಾಗ ನಾವೇ ಕರಗಿಸಬೇಕು, ಅಷ್ಟೆ. ಕೆಳ ಫ್ರೀಜರಿನವು ಸಾಮಾನ್ಯವಾಗಿ 230-240 ಲೀಟರಿಗಿಂತ ದೊಡ್ಡವು, ಬೆಲೆಯೂ ಹೆಚ್ಚು. ಮನೆಯಲ್ಲಿ ವಯಸ್ಸಾದವರಿದ್ದರೆ, ತರಕಾರಿ ಹೆಚ್ಚು ಬಳಸುವವರಾದರೆ, ಫ್ರೀಜರನ್ನು ಅಪರೂಪಕ್ಕೆ ತೆಗೆಯುವವರಾದರೆ ಅನುಕೂಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಲೇಸು.

ಎರಡನೆಯದಾಗಿ, ನಕ್ಷತ್ರಗಳಿರುವ ಬಿಇಇ ಚೀಟಿ. ಅಂಗಡಿಯವರು ನಕ್ಷತ್ರ ಎಣಿಸಿ ತೋರಿಸುತ್ತಾರೆ. ನೀವು ಅದರಲ್ಲಿ ಅಚ್ಚಾಗಿರುವ ವರ್ಷದ ಯೂನಿಟ್ ಸಂಖ್ಯೆಯನ್ನು ಓದಿರಿ. ನಕ್ಷತ್ರದ ಅಳತೆಯನ್ನು ಕಾಲಕಾಲಕ್ಕೆ ಬಿಗಿ ಮಾಡುವುದರಿಂದ ಹಳೆಯ ಚೀಟಿಯ ನಾಲ್ಕು ನಕ್ಷತ್ರ, ಹೊಸ ಚೀಟಿಯ ಮೂರಕ್ಕೆ ಸಮನಾಗಿರಬಹುದು. ಉದಾಹರಣೆಗೆ ಒಂದರಲ್ಲಿ 200, ಇನ್ನೊಂದರಲ್ಲಿ 260 ಎಂದಿದ್ದರೆ ವರ್ಷಕ್ಕೆ 60 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ಹತ್ತು ವರ್ಷಕ್ಕೆ 3,600 ರೂಪಾಯಿ. "ನಮಗೆ ಗೃಹಜ್ಯೋತಿ ಇದೆ, ಕರೆಂಟು ಪುಕ್ಕಟೆ" ಎನ್ನಬೇಡಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಯ ಮಿತಿಯನ್ನು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿ ಮಾಡಲಾಗಿದೆ. ಹೊಸ ಫ್ರಿಜ್ ಬಂದು ಮಿತಿ ದಾಟಿದರೆ ಬಿಲ್ಲು ಬರುತ್ತದೆ.

ಮೂರನೆಯದು ವೋಲ್ಟೇಜ್. ಮನೆಗೆ 230 ವೋಲ್ಟ್ ಬರಬೇಕು. ಸಂಜೆ ಊರೆಲ್ಲ ದೀಪ ಹಚ್ಚಿದಾಗ ನಿಮ್ಮ ಮನೆಗೆ ಎಷ್ಟು ಬರುತ್ತದೆ ಎಂದು ಎಲೆಕ್ಟ್ರಿಷಿಯನ್ನಿಂದ ಅಳೆಸಿರಿ. "ಸ್ಟೆಬಿಲೈಸರ್ ಬೇಡ" ಎಂದು ಬರೆದಿರುವ ಫ್ರಿಜ್ಜುಗಳಲ್ಲೂ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಎಂದು ನಮೂದಿಸಿರುತ್ತಾರೆ. ನಿಮ್ಮ ಮನೆಯ ಅಳತೆ ಆ ಮಿತಿಯ ಹೊರಗಿದ್ದರೆ ಸ್ಟೆಬಿಲೈಸರ್ ಬೇಕೇ ಬೇಕು.

ಕೊನೆಯದಾಗಿ, ರಿಪೇರಿಗೆ ಬರುವವರು ನಿಮ್ಮ ಊರಿಗೆ ಬರುತ್ತಾರೆಯೇ ಎಂದು ಕೊಳ್ಳುವ ಮುನ್ನವೇ ಕೇಳಿರಿ. ಗ್ಯಾರಂಟಿ ಕಂಪ್ರೆಸರಿಗೆ ಮಾತ್ರವೋ, ಇಡೀ ಫ್ರಿಜ್ಜಿಗೋ ಎಂಬುದನ್ನು ಓದಿಸಿಕೊಳ್ಳಿ. ರಸೀದಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿ.

ಇಡುವ ಜಾಗ ಮತ್ತು ನಿತ್ಯದ ಆರೈಕೆ

ಶಾಖ ಹೊರಹೋಗಲು ದಾರಿ ಬೇಕು. ಒಲೆಯಿಂದ, ಬಿಸಿಲಿನಿಂದ ದೂರವಿರಿಸಿ, ಹಿಂದೆ ಮತ್ತು ಪಕ್ಕಗಳಲ್ಲಿ ಕನಿಷ್ಠ ಒಂದು ಅಂಗೈ ಜಾಗ ಬಿಡಿ. ಈಗಿನ ಹಲವು ಫ್ರಿಜ್ಜುಗಳಲ್ಲಿ ಬಿಸಿ ಕೊಳವೆಗಳು ಪಕ್ಕದ ತಗಡಿನ ಒಳಗೇ ಇರುತ್ತವೆ. ಆದ್ದರಿಂದ ಪಕ್ಕ ಬೆಚ್ಚಗಿದ್ದರೆ ಗಾಬರಿ ಬೇಡ. ಆದರೆ ಗೋಣಿಚೀಲ, ಪೇಪರ್ ಒತ್ತಿಡಬೇಡಿ. ಹೊರಗೆ ಕೊಳವೆ ಕಾಣುವಂತಿದ್ದರೆ ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಬ್ರಷ್ಷಿನಿಂದ ಧೂಳು ತೆಗೆಯಿರಿ. ಹಳ್ಳಿ ಮನೆಯಲ್ಲಿ ಇಲಿಗಳು ಹಿಂಬದಿಯ ವೈರು ಕಡಿಯುವುದುಂಟು. ಅಲ್ಲಿ ಕಾಳುಕಡ್ಡಿ ಚೆಲ್ಲಿರಬಾರದು. ಪ್ಲಗ್ ಮೂರು ಪಿನ್ನಿನದಾಗಿರಲಿ, ಅರ್ಥಿಂಗ್ ಸರಿಯಿರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗದಂತೆ ನೀರು ಹಾಕುತ್ತಿರಿ.

ಬಾಗಿಲಿನ ರಬ್ಬರ್ ಪರೀಕ್ಷೆಗೆ ಒಂದು ಕಾಗದ ಸಾಕು. ಕಾಗದವನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಆ ಜಾಗದಲ್ಲಿ ಬಿಸಿಗಾಳಿ ನುಗ್ಗುತ್ತಿದೆ. ಉಗುರುಬೆಚ್ಚನೆಯ ಸೋಪುನೀರಿನಿಂದ ರಬ್ಬರ್ ಒರೆಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ, ಹರಿದಿದ್ದರೆ ಬದಲಾಯಿಸಬೇಕು.

ಮೇಲಿನ ಭಾಗ 2ರಿಂದ 5 ಡಿಗ್ರಿ, ಫ್ರೀಜರ್ ಸೊನ್ನೆಗಿಂತ ಕೆಳಗೆ 18 ಡಿಗ್ರಿ ಇರಬೇಕು. ಬಿಸಿ ಸಾರು ಒಳಗಿಡಬೇಡಿ. ಗಾಳಿ ಬರುವ ಕಿಂಡಿಗೆ ಸೊಪ್ಪಿನ ಚೀಲ ಅಡ್ಡವಿಡಬೇಡಿ. ಬಾಗಿಲಿನ ಗೂಡು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಹಾಲು ಒಳತಟ್ಟೆಯಲ್ಲಿರಲಿ. ಬಾಳೆಹಣ್ಣು, ಈರುಳ್ಳಿ, ಆಲೂಗೆಡ್ಡೆಗೆ ಫ್ರಿಜ್ ಬೇಡ. ಬೆಳೆಗೆ ಹೊಡೆಯುವ ಔಷಧವನ್ನು ಎಂದಿಗೂ ಒಳಗಿಡಬಾರದು. ಬಾಟಲಿ ಒಂದೇ ತರಹ ಕಂಡರೆ ಪ್ರಾಣಕ್ಕೇ ಸಂಚಕಾರ.

ಇನ್ಸುಲಿನ್ ಇಡುವವರು ಎಚ್ಚರ ವಹಿಸಬೇಕು. ಒಡೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿ ಅಥವಾ ಗಾಳಿ ಕಿಂಡಿಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಬಳಸಕೂಡದು.

ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಮೇಲಿನ ಪದಾರ್ಥ ಸುಮಾರು 4 ಗಂಟೆ ಕೆಡದೆ ಉಳಿಯುತ್ತದೆ. ತುಂಬಿದ ಫ್ರೀಜರ್ ಎರಡು ದಿನದವರೆಗೆ, ಅರ್ಧ ತುಂಬಿದ್ದು ಒಂದು ದಿನದವರೆಗೆ ತಂಪು ಹಿಡಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೆಂದೇ ಹಿಡಿಯಿರಿ.

ಕೆಟ್ಟಾಗ ಏನು ಮಾಡಬೇಕು?

ಏನೂ ನಡೆಯದಿದ್ದರೆ: ಮೊದಲು ಅದೇ ಸಾಕೆಟ್ಟಿಗೆ ಬೇರೊಂದು ದೀಪ ಹಾಕಿ ನೋಡಿ. ಎಷ್ಟೋ ಸಲ ತಪ್ಪು ಸಾಕೆಟ್ಟಿನದು ಅಥವಾ ಸ್ಟೆಬಿಲೈಸರಿನದು.

ಕೆಳಗೆ ಗಟ್ಟಿ ಐಸು, ಮೇಲೆ ಬಿಸಿಯಿದ್ದರೆ: ಪದಾರ್ಥ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ನೆಲಕ್ಕೆ ಹಳೆಯ ಬಟ್ಟೆ ಹಾಸಿ. ಮತ್ತೆ ಹಾಕಿದಾಗ ಸರಿಹೋಗಿ, ಪುನಃ ಕೆಡದಿದ್ದರೆ ಬಾಗಿಲು ಸರಿಯಾಗಿ ಮುಚ್ಚದೆ ಐಸು ಕಟ್ಟಿತ್ತೆಂದು ತಿಳಿಯಬಹುದು. ಒಂದೆರಡು ವಾರದಲ್ಲಿ ಮತ್ತೆ ಹಾಗೆಯೇ ಆದರೆ ಐಸು ಕರಗಿಸುವ ಹೀಟರ್ ಅಥವಾ ಅದರ ಸೆನ್ಸರ್ ಕೆಟ್ಟಿರುವ ಸಂಭವ ಹೆಚ್ಚು. ಮೆಕ್ಯಾನಿಕ್ಕಿಗೆ ಇದನ್ನೇ ಹೇಳಿರಿ. ಕರಗಿಸಿದ ಮೇಲೂ ಮೇಲ್ಭಾಗ ತಂಪಾಗದಿದ್ದರೆ ಫ್ಯಾನ್ ನೋಡಿಸಿ.

ಫ್ರೀಜರಿನ ತಳದಲ್ಲಿ ಐಸಿನ ಹಾಳೆ ಕಟ್ಟಿದರೆ ಅಥವಾ ನೀರು ಸೋರಿದರೆ: ಕರಗಿದ ನೀರು ಹೋಗುವ ರಂಧ್ರ ಕಟ್ಟಿದೆ. ಪೂರ್ತಿ ಕರಗಿಸಿ, ರಂಧ್ರ ಕೈಗೆ ಸಿಗುವಂತಿದ್ದರೆ ಸಿರಿಂಜಿನಿಂದ ಬೆಚ್ಚನೆಯ ನೀರು ಬಿಡಿ. ತಂತಿ ಚುಚ್ಚಬೇಡಿ.

ಮೇಲೂ ಕೆಳಗೂ ತಂಪಿಲ್ಲ, ಕಂಪ್ರೆಸರ್ ಮಾತ್ರ ಓಡುತ್ತಿದೆ: ಆಗ ಗ್ಯಾಸ್ ಸೋರಿರಬಹುದು. "ಎಲ್ಲಿ ಸೋರಿದೆ ತೋರಿಸಿ, ಮುಚ್ಚಿ, ಆಮೇಲೆ ತುಂಬಿ" ಎಂದು ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ಕೈ ಹಾಕಬಾರದ ಕೆಲಸ

ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವುದು ಐಸೋಬ್ಯುಟೇನ್ ಎಂಬ ಅನಿಲ. ಚೀಟಿಯ ಮೇಲೆ ಆರ್-600ಎ ಎಂದಿರುತ್ತದೆ. ಇದು ಅಡುಗೆ ಅನಿಲದ ಜಾತಿಯದು, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆದರೆ ಅಡುಗೆ ಅನಿಲದಂತೆ ವಾಸನೆ ಬರುವುದಿಲ್ಲ. ಇರುವುದು 150 ಗ್ರಾಮಿಗಿಂತ ಕಡಿಮೆಯಾದರೂ ಮುಚ್ಚಿದ ಕೋಣೆಯಲ್ಲಿ ಅಪಾಯವೇ. ಐಸನ್ನು ಚಾಕು, ಉಳಿಗಳಿಂದ ಕೆತ್ತಬೇಡಿ. ಕೊಳವೆ ತೂತಾದರೆ ಅನಿಲವೂ ಹೋಗುತ್ತದೆ, ಫ್ರಿಜ್ಜೂ ಹೋಗುತ್ತದೆ. ಹಾಗೇನಾದರೂ ಆಗಿ ಬುಸ್ಸೆಂದು ಸದ್ದು ಬಂದರೆ ಒಲೆ ಆರಿಸಿ, ಸ್ವಿಚ್ಚು ಮುಟ್ಟದೆ ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಗ್ಯಾಸಿನ ಕೊಳವೆಯ ಕೆಲಸ ತರಬೇತಾದವರದೇ. ಪ್ಲಗ್ ಕೀಳದೆ ಹಿಂಬದಿಗೆ ಕೈ ಹಾಕುವುದೂ ಸಲ್ಲದು.

ನಮ್ಮ ತಾಯಿಯವರ ಇನ್ಸುಲಿನ್ನನ್ನು ಎರಡು ದಿನ ಪಕ್ಕದ ಮನೆಯ ಫ್ರಿಜ್ಜಿನಲ್ಲಿಟ್ಟಿದ್ದೆವು. ಬೆಚ್ಚಗಾಗಿದ್ದ ಸೀಸೆಯನ್ನು ವೈದ್ಯರನ್ನು ಕೇಳಿದ ಮೇಲೆಯೇ ಬಳಸಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಫ್ರಿಜ್ ಕೆಟ್ಟರೆ ಮೆಕ್ಯಾನಿಕ್ಕಿಗೆ ಫೋನು ಮಾಡುವ ಮುನ್ನ ಕೆಳಗಿನ ಡ್ರಾಯರ್ ಎಳೆದು ಅವರೆಕಾಳು ಮುಟ್ಟಿ ನೋಡುತ್ತೇವೆ. ನೀವೂ ಹಾಗೆಯೇ ಮಾಡಿರಿ.