ಮೊದಲು ಆಟ, ಆಮೇಲೆ ಮಾತು

ಕೋಣನಕುಂಟೆಯಲ್ಲಿ ಸಂಜೆ ಖೋ-ಖೋ ಆಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಮನೆಗೆ ಬರುವ ಪುಟಾಣಿಗಳೇ, ನಿಮ್ಮ ಈ ಆಟಕ್ಕೂ ಪದಕ ಕೊಡುವ ಅಂತರರಾಷ್ಟ್ರೀಯ ಕೂಟವೊಂದಿದೆ. ಅದೇ ದಕ್ಷಿಣ ಏಷ್ಯಾ ಕ್ರೀಡಾಕೂಟ. ತಾತ-ಅಜ್ಜಿಯರನ್ನು ಕೇಳಿ ನೋಡಿ, ‘ಸ್ಯಾಫ್ ಗೇಮ್ಸ್’ ಎಂದರೆ ಅವರಿಗೆ ತಟ್ಟನೆ ನೆನಪಾಗುತ್ತದೆ.

ಇದು ಶುರುವಾದದ್ದು 1984ರ ಸೆಪ್ಟೆಂಬರ್‌ನಲ್ಲಿ, ನೇಪಾಳದ ಕಠ್ಮಂಡುವಿನಲ್ಲಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ್, ಮಾಲ್ಡೀವ್ಸ್ ಹೀಗೆ ಏಳು ನೆರೆಹೊರೆಯ ದೇಶಗಳು ಸೇರಿದವು. ಆಟಗಳು ಐದೇ: ಅಥ್ಲೆಟಿಕ್ಸ್, ಈಜು, ಫುಟ್‌ಬಾಲ್, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್. ಫುಟ್‌ಬಾಲ್ ಚಿನ್ನ ಆತಿಥೇಯ ನೇಪಾಳಕ್ಕೇ ದಕ್ಕಿತು.

ಇಲ್ಲೊಂದು ಸ್ವಾರಸ್ಯವಿದೆ. ಈ ಏಳು ದೇಶಗಳ ನಾಯಕರು ಢಾಕಾದಲ್ಲಿ ಸೇರಿ ‘ಸಾರ್ಕ್’ ಒಕ್ಕೂಟ ಕಟ್ಟಿದ್ದು 1985ರ ಡಿಸೆಂಬರ್ 8ರಂದು. ಅಂದರೆ ನಾಯಕರ ಒಕ್ಕೂಟ ಹುಟ್ಟುವ ಮೊದಲೇ ಆಟಗಾರರು ಜೊತೆಯಾಗಿ ಓಡಿದ್ದರು!

ಅದೇ ತಿಂಗಳು ಅದೇ ಢಾಕಾದಲ್ಲಿ ಎರಡನೇ ಕೂಟ ನಡೆಯಿತು. ಅಲ್ಲಿ ಕಬಡ್ಡಿಗೆ ಜಾಗ ಸಿಕ್ಕಿತು. ನಮ್ಮ ಹಿರಿಯರ ಚೆಡುಗುಡು, ಬಾಂಗ್ಲಾದವರ ಹಾ-ಡು-ಡು ಎಲ್ಲ ಒಂದೇ ಬಳಗದ ಆಟಗಳು. 1990ರಲ್ಲಿ ಕಬಡ್ಡಿ ಬೀಜಿಂಗ್‌ನ ಏಷ್ಯನ್ ಕ್ರೀಡಾಕೂಟಕ್ಕೂ ಕಾಲಿಟ್ಟಿತು.

ಭಾರತದಲ್ಲಿ ಈ ಕೂಟ ಮೂರು ಸಲ ನಡೆದಿದೆ: 1987ರಲ್ಲಿ ಕಲ್ಕತ್ತಾ, 1995ರಲ್ಲಿ ಮದರಾಸು, 2016ರಲ್ಲಿ ಗುವಾಹಟಿ ಮತ್ತು ಶಿಲ್ಲಾಂಗ್. ಖೋ-ಖೋಗೆ ಬಾಗಿಲು ತೆರೆದದ್ದು 2016ರಲ್ಲಿ. ನೆರೆಯವರೂ ಆಟ ಕಲಿತರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಪುರುಷರ ಮತ್ತು ಮಹಿಳೆಯರ ಎರಡೂ ಫೈನಲ್‌ಗಳಲ್ಲಿ ಭಾರತಕ್ಕೆ ಎದುರಾಳಿ ನೇಪಾಳವೇ! ಎರಡನ್ನೂ ಭಾರತ ಗೆದ್ದಿತು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು.

ಆದರೆ ಒಂದು ಬೇಸರವೂ ಇದೆ. ಹದಿಮೂರನೇ ಕೂಟ 2019ರಲ್ಲಿ ನೇಪಾಳದಲ್ಲಿ ಮುಗಿಯಿತು. ಮುಂದಿನದು ಪಾಕಿಸ್ತಾನದಲ್ಲಿ ಎಂದು ತೀರ್ಮಾನವಾಗಿತ್ತು. ಅದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ದೇಶಗಳಿಗೆ ಕಾಯಲು ಪುರುಸೊತ್ತಿದೆ, ಓಟಗಾರರ ಕಾಲಿಗಿಲ್ಲ. ಆಗ ಹತ್ತೊಂಬತ್ತು ವರ್ಷವಿದ್ದ ಹುಡುಗಿ ಐದಾರು ವರ್ಷ ಕಾದರೆ, ಅವಳ ಒಳ್ಳೆಯ ಓಟದ ದಿನಗಳೇ ಕಳೆದುಹೋಗುತ್ತವೆ.

ಪಕ್ಕದ ಬೀದಿಯ ಹುಡುಗರ ಜೊತೆ ನೀವು ಟೂ ಬಿಟ್ಟದ್ದುಂಟಲ್ಲ? ಮತ್ತೆ ರಾಜಿಯಾದದ್ದು ಹೇಗೆ? ಯಾರೋ ಒಬ್ಬರು ‘ಆಟಕ್ಕೆ ಬರ್ತೀರಾ?’ ಎಂದು ಕೇಳಿದ್ದರಿಂದ ತಾನೇ? 1984ರಲ್ಲಿ ಕಠ್ಮಂಡು ಕೇಳಿದ್ದೂ ಅದನ್ನೇ.